ಹಳೆಯ ಪಿಕಪ್ಪಿನ ಹೌಸಿಂಗ್ ಎಣ್ಣೆ

ಮಳೆಗಾಲ ಹಿಂದೆ ಸರಿದು ನವರಾತ್ರಿ ಹತ್ತಿರವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಯ ಗಾಡಿಗಳಿಗೆ ಬಿಡುವಿಲ್ಲದ ದಿನಗಳು ಬಂದವೆಂದೇ ತಿಳಿಯಬೇಕು. ದರಕು, ಗೊಬ್ಬರ, ಅಡಿಕೆ ಕೊನೆ, ಒಣಗಿದ ಚಾಲಿ, ಕಾಳುಮೆಣಸು, ಕಾಫಿ ಬೀಜ, ಸೌದೆ, ಕೊನೆಗೆ ಮದುವೆ ಮನೆಯ ಪಾತ್ರೆ ಪಡಗ, ಎಲ್ಲವೂ ಒಂದೇ ಪಿಕಪ್ಪಿನ ಬೆನ್ನ ಮೇಲೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಗಾಡಿ ಹೊಸತಲ್ಲ. ಎರಡನೆಯ, ಮೂರನೆಯ ಕೈಗೆ ಬಂದದ್ದು. ಮೀಟರು ಎರಡು ಲಕ್ಷ ಕಿಲೋಮೀಟರು ದಾಟಿದ್ದು. ಕೆಲವದರ ಮೀಟರು ಎಂದೋ ನಿಂತದ್ದು.

ಇಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಆದರೆ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡು, ಪುಸ್ತಕದ ಭಾಷೆಯಲ್ಲಿ ಡಿಫರೆನ್ಷಿಯಲ್, ನಮ್ಮ ಚಾಲಕರ ಬಾಯಲ್ಲಿ ಬರೇ ಹೌಸಿಂಗ್, ಅದರೊಳಗೆ ಎಣ್ಣೆ ಇದೆಯೇ, ಇದ್ದರೆ ಯಾವುದು, ಹಾಕಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಆಕಾಶ ನೋಡುತ್ತಾರೆ. ನಾವೂ ಹಾಗೆ ಆಕಾಶ ನೋಡಿದವರೇ. ಮುಚ್ಚಿಡುವುದೇನಿದೆ, ವಾರ್ಷಿಕ ಸಭೆಯಲ್ಲಿ ಖರ್ಚಿನ ಪಟ್ಟಿ ಓದಿದಾಗ ಎಲ್ಲರೂ ಕೇಳಿದ್ದೇ. ಆದರೆ ಖರ್ಚಿನ ಪಟ್ಟಿಯಲ್ಲಿ ಕಾರಣ ಬರೆಯಲು ಜಾಗ ಇರುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

2022ರ ಮೇ ತಿಂಗಳ ಕೊನೆಯ ವಾರ. ಮೊದಲ ಮದ್ದು ಹೊಡೆಯುವ ಹೊತ್ತು. ಸಂಘದಲ್ಲಿ ಮೈಲುತುತ್ತ ಇತ್ತು, ಸುಣ್ಣ ಖಾಲಿಯಾಗಿತ್ತು. ಕರಾವಳಿಯಿಂದ ಚಿಪ್ಪುಸುಣ್ಣ ತರಲು ಸಂಘದ ಪಿಕಪ್ ಕುಮಟೆಗೆ ಇಳಿಯಿತು. ಹಣ ಚುಕ್ತಾ ಮಾಡಬೇಕಾಗಿದ್ದರಿಂದ ನಾವೂ ಗಾಡಿಯಲ್ಲಿದ್ದೆವು. ಹೊರೆ ತುಂಬಿಕೊಂಡು ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಸಂಜೆ ಐದೂವರೆ. ಹಿಂದಿನಿಂದ ಕೂಗು ಬರುತ್ತಿತ್ತು. ಅದು ಅಂದು ಹುಟ್ಟಿದ ಕೂಗಲ್ಲ, ಶಿವರಾತ್ರಿಯ ಸುಮಾರಿಗೇ ಚಾಲಕ ಹೇಳಿದ್ದ. "ಮಳೆಗಾಲ ಕಳೆಯಲಿ, ನೋಡೋಣ" ಎಂದವರು ನಾವು.

ಘಟ್ಟದ ಒಂದು ತಿರುವಿನಲ್ಲಿ ಕಲ್ಲು ಒಡೆದಂತೆ ಸದ್ದಾಯಿತು. ಇಂಜಿನ್ ಓಡುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಮರುಕ್ಷಣ ಹಿಂದಕ್ಕೆ ಸರಿಯತೊಡಗಿತು. ಚಾಲಕ ಬ್ರೇಕ್ ತುಳಿದ, ಕೈಬ್ರೇಕ್ ಎಳೆದ, ಗೇರಿಗೆ ಹಾಕಿದ. ಯಾವುದಕ್ಕೂ ನಿಲ್ಲಲಿಲ್ಲ. "ಸೆಕ್ರೆಟ್ರೇ, ಇಳೀರಿ, ಇಳೀರಿ! ಕಲ್ಲು ಕೊಡಿ!" ಎಂದು ಕೂಗಿದ. ನಾವು ಇಳಿದು ಕಲ್ಲು ಹುಡುಕುವಷ್ಟರಲ್ಲಿ ಅವನೇ ಚಕ್ರ ತಿರುಗಿಸಿ ಗುಡ್ಡದ ಕಡೆಯ ಚರಂಡಿಗೆ ಹಿಂಬದಿಯನ್ನು ಇಳಿಸಿದ. ಎದುರು ಬದಿಗೆ ತಿರುಗಿದ್ದರೆ ಈ ಲೇಖನ ಬರೆಯುವವರು ಬೇರೆಯವರಾಗುತ್ತಿದ್ದರು.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಏಳು ಗಂಟೆಗೆ ಗುಡುಗು ಮಳೆ. ಸುಡುಸುಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆಂದು ಬೋರ್ಡೋ ದ್ರಾವಣ ಮಾಡುವ ನಮ್ಮವರಿಗೆ ಹೇಳಬೇಕಾಗಿಲ್ಲ. ತಾಡಪತ್ರಿ ಹೊದೆಸಿದ್ದರೂ ಓರೆಯಾಗಿ ನಿಂತ ಗಾಡಿಯ ಹಿಂಬದಿಯಲ್ಲಿ ನೀರು ನುಗ್ಗಿ ಎರಡು ಚೀಲ ಹೊಗೆಯಾಡತೊಡಗಿದವು. ಅದೇ ದಾರಿಯಲ್ಲಿ ಬಂದ ಒಂದು ಲಾರಿಯವರ ನೆರವಿನಿಂದ ಆ ಚೀಲಗಳನ್ನು ಎಳೆದು ಕೆಳಗೆ ಹಾಕಿದೆವು. ಚಾಲಕನ ಅಂಗೈ ಬೊಬ್ಬೆಯೆದ್ದಿತು. ಉಳಿದ ಸುಣ್ಣವನ್ನು ಮರುದಿನ ಬಾಡಿಗೆ ಗಾಡಿಯಲ್ಲಿ ತಂದೆವು. ಹಂಚಿಕೆ ತಡವಾಗಿ, ಕೆಲವು ಸದಸ್ಯರು ಮದ್ದು ಹೊಡೆಯಲು ಬಿಸಿಲ ಹೊಳವಿಗಾಗಿ ಹತ್ತು ದಿನ ಕಾಯಬೇಕಾಯಿತು. ಕೊಳೆರೋಗದ ಸೀಮೆಯಲ್ಲಿ ಹತ್ತು ದಿನವೆಂದರೆ ಏನೆಂದು ಅವರೇ ಹೇಳಿಯಾರು.

ಗಾಡಿಯನ್ನು ಎಳೆಸಿಕೊಂಡು ಬಂದು ಮೇಸ್ತ್ರಿ ಹೌಸಿಂಗ್ ಬಿಚ್ಚಿದಾಗ ನಾವು ಅಲ್ಲೇ ನಿಂತಿದ್ದೆವು. ಕೆಳಗಿನ ಬಿರಡೆ ತೆಗೆದರೆ ಬಂದದ್ದು ಎಣ್ಣೆಯಲ್ಲ, ಹಾಲು ಹಾಕಿದ ಕಾಫಿ. ಪಿನಿಯನ್ನಿನ ಮೂರು ಹಲ್ಲು ಮುರಿದಿದ್ದವು. ಉಳಿದವುಗಳ ಮೇಲೆ ಕಜ್ಜಿ ಎದ್ದಂತೆ ಸಣ್ಣ ಸಣ್ಣ ಕುಳಿ. ಬೇರಿಂಗಿನ ಉರುಳೆಗಳ ಮೇಲೆ ತುಕ್ಕಿನ ಗೆರೆ. ಹಿಂದಿನ ಎರಡೂ ಬ್ರೇಕ್ ಡ್ರಮ್ಮುಗಳಲ್ಲಿ ಜಿಡ್ಡು ಎಣ್ಣೆ. ಮೇಸ್ತ್ರಿ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ, "ಇದಕ್ಕೆ ಯಾವ ಎಣ್ಣೆ ಹಾಕಿದ್ರಿ?" ಎಂದು ಕೇಳಿದರು. "90 ನಂಬರು" ಎಂದೆವು. "90 ಸರಿ, ಅದರ ಮುಂದೆ ಏನು ಬರೆದಿತ್ತು?" ನಮಗೆ ಉತ್ತರ ಗೊತ್ತಿರಲಿಲ್ಲ.

ಪವರ್ ಟಿಲ್ಲರಿಗೆಂದು ತಂದ ಇಪ್ಪತ್ತು ಲೀಟರಿನ ಬಕೆಟ್ಟು ಗೋದಾಮಿನಲ್ಲಿತ್ತು. ಮಿತವ್ಯಯದ ಹೆಸರಿನಲ್ಲಿ ಅದರಿಂದಲೇ ಪಿಕಪ್ಪಿಗೂ ಹಾಕಿಸಿದ್ದೆವು. ಆ ಬಕೆಟ್ಟಿನ ಮೈಮೇಲೆ ಜಿ.ಎಲ್.-4 ಎಂದಿತ್ತು. ಪಿಕಪ್ಪಿನ ಕೈಪಿಡಿಯಲ್ಲಿ ಹೌಸಿಂಗಿಗೆ ಜಿ.ಎಲ್.-5 ಎಂದಿತ್ತು. ಕೈಪಿಡಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಊದುಬತ್ತಿ ಪೊಟ್ಟಣದ ಅಡಿಗೆ ಇತ್ತು. ಮುರಿತಕ್ಕೆ ಈ ಎಣ್ಣೆಯೊಂದೇ ಕಾರಣ ಎನ್ನಲಾರೆವು. ಎಣ್ಣೆ ತಪ್ಪು, ಅದಕ್ಕೆ ಹಿಂದಿನ ಮಳೆಗಾಲದ ಹಳ್ಳದ ನೀರು ಸೇರಿತ್ತು, ಹೊರೆ ಹೆಚ್ಚು, ಕೂಗು ಕೇಳಿಯೂ ಮೂರು ತಿಂಗಳು ಓಡಿಸಿದ್ದೆವು. ಎಲ್ಲವೂ ಕೂಡಿಬಂತು. ದುರಸ್ತಿಗೆ ಮೂವತ್ತೊಂದು ಸಾವಿರ ರೂಪಾಯಿ, ಹನ್ನೊಂದು ದಿನ ಗಾಡಿ ಮೂಲೆಗೆ, ಬಾಡಿಗೆ ಬೇರೆ. ಈಚಿನ ವರ್ಷಗಳ ಧಾರಣೆಯಲ್ಲಿ ಒಂದು ಲೀಟರ್ ಒಳ್ಳೆಯ ಗೇರ್ ಎಣ್ಣೆಯೆಂದರೆ ಹೆಚ್ಚುಕಡಿಮೆ ಒಂದು ಕಿಲೋ ಚಾಲಿಯ ಬೆಲೆ. ಪಿಕಪ್ಪಿಗೆ ಬೇಕಾಗುವುದು ಎರಡು ಲೀಟರಿನ ಆಸುಪಾಸು. ಲೆಕ್ಕ ಹಾಕುವುದನ್ನು ಸದಸ್ಯರಿಗೇ ಬಿಡುತ್ತೇವೆ.

ಹೌಸಿಂಗಿನೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಎಣ್ಣೆಯ ಆಯ್ಕೆ ಸುಲಭ. ಇಂಜಿನ್ನಿನಿಂದ ಉದ್ದನೆಯ ಶಾಫ್ಟಿನಲ್ಲಿ ಬರುವ ತಿರುಗಣೆಯನ್ನು ಒಂದು ಚಿಕ್ಕ ಹಲ್ಲಿನ ಗಾಲಿ, ಅಂದರೆ ಪಿನಿಯನ್, ದೊಡ್ಡ ಕ್ರೌನ್ ಗಾಲಿಗೆ ಕೊಡುತ್ತದೆ. ಪಿನಿಯನ್ ನಾಲ್ಕು ಸುತ್ತು ತಿರುಗಿದರೆ ಕ್ರೌನ್ ಸುಮಾರು ಒಂದು ಸುತ್ತು. ವೇಗ ಇಳಿದಷ್ಟು ಬಲ ಏರುತ್ತದೆ. ಘಟ್ಟದಲ್ಲಿ ಹೊರೆ ಗಾಡಿಯನ್ನು ಎಳೆಯುವ ಬಲವೆಲ್ಲ ಹಾದುಹೋಗುವುದು ಒಂದು ಕ್ಷಣಕ್ಕೆ ತಾಗಿಕೊಳ್ಳುವ ಎರಡು ಮೂರು ಹಲ್ಲುಗಳ ಮೂಲಕ. ಕ್ರೌನಿನ ಒಳಗೆ ಇನ್ನೂ ನಾಲ್ಕು ಸಣ್ಣ ಗಾಲಿಗಳ ಗೂಡು. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಆ ವ್ಯತ್ಯಾಸವನ್ನು ಹಂಚಿಕೊಡುವುದು ಈ ಗೂಡು. ಫ್ರಾನ್ಸಿನ ಪೆಕರ್ ಎಂಬವರು 1820ರ ದಶಕದಲ್ಲಿ ಉಗಿ ಬಂಡಿಗಾಗಿ ಯೋಚಿಸಿದ ಉಪಾಯ ಇಂದಿಗೂ ಹಾಗೆಯೇ ಉಳಿದಿದೆ.

ಇದೇ ಗೂಡಿನ ಒಂದು ಅವಗುಣ ಮಳೆಗಾಲದಲ್ಲಿ ಕಾಣುತ್ತದೆ. ಒಂದು ಚಕ್ರ ಕೆಸರಿಗೆ ಸಿಕ್ಕಿ, ಇನ್ನೊಂದು ಗಟ್ಟಿ ನೆಲದಲ್ಲಿ ನಿಂತರೆ, ಸಿಕ್ಕಿದ ಚಕ್ರ ಕ್ರೌನಿನ ಎರಡು ಪಟ್ಟು ವೇಗದಲ್ಲಿ ಗಿರ್ರನೆ ಸುತ್ತುತ್ತದೆ. ಆಗ ಗೂಡಿನೊಳಗಿನ ಸಣ್ಣ ಗಾಲಿಗಳು ತಮ್ಮ ಅಳವಿಗೆ ಮೀರಿ ತಿರುಗಿ ಕಾಯುತ್ತವೆ. ಹತ್ತು ನಿಮಿಷ ಎಕ್ಸಲೇಟರ್ ಒತ್ತಿ ಹಟ ಮಾಡುವ ಬದಲು ನಾಲ್ಕು ಹೆಡಗೆ ದರಕೋ ಒಂದು ಗೋಣಿ ಚೀಲವೋ ಚಕ್ರದ ಅಡಿಗೆ ಹಾಕುವುದು ಲೇಸು.

ಈಗ ಪಿನಿಯನ್ನಿನ ವಿಷಯ. ಮೊದಲಿನ ಮೋಟಾರುಗಳಲ್ಲಿ ಪಿನಿಯನ್ನಿನ ನಡುಗೆರೆ ಕ್ರೌನಿನ ನಡುವಿಗೆ ಸರಿಯಾಗಿ ಬರುತ್ತಿತ್ತು. 1926ರ ಸುಮಾರಿಗೆ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಪಿನಿಯನ್ನನ್ನು ನಡುವಿಗಿಂತ ಕೆಳಗೆ ಇಳಿಸಿ ಕೂಡಿಸುವ ಪದ್ಧತಿ ಬಂತು. ಇದಕ್ಕೆ ಹೈಪಾಯ್ಡ್ ಎಂದು ಹೆಸರು. ಶಾಫ್ಟ್ ತಗ್ಗಿತು, ಪಿನಿಯನ್ ದಪ್ಪಗಾಗಿ ಬಲವಾಯಿತು, ಸದ್ದೂ ಇಳಿಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ, ಒರಳಿನಲ್ಲಿ ಗುಂಡು ತಿಕ್ಕಿದಂತೆ ಉದ್ದಕ್ಕೂ ಜಾರಿ ತಿಕ್ಕತೊಡಗಿದವು. ಒತ್ತಡ ಮತ್ತು ತಿಕ್ಕಾಟ ಎರಡೂ ಸೇರಿದಾಗ ಸಾಮಾನ್ಯ ಎಣ್ಣೆಯ ಪದರು ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ಇಂದಿನ ಪಿಕಪ್ಪುಗಳ ಹಿಂದಿನ ಅಚ್ಚು ಬಹುಮಟ್ಟಿಗೆ ಈ ಹೈಪಾಯ್ಡ್ ಜಾತಿಯದೇ.

ಇದಕ್ಕೆ ಕಂಡುಕೊಂಡ ಪರಿಹಾರ ನಮ್ಮವರಿಗೆ ಪರಿಚಿತ ವಸ್ತು, ಗಂಧಕ. ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಎಣ್ಣೆಗೆ ಸೇರಿಸಿರುತ್ತಾರೆ. ಹಲ್ಲುಗಳು ತಿಕ್ಕಿ ಕಾದ ಜಾಗದಲ್ಲಿ ಇವು ಉಕ್ಕಿನೊಡನೆ ಕೂಡಿ ತೆಳುವಾದ ಒಂದು ಪೊರೆಯನ್ನು ಕಟ್ಟುತ್ತವೆ. ಸವೆಯುವುದು ಆ ಪೊರೆ, ಹಲ್ಲು ಉಳಿಯುತ್ತದೆ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ನಾತ ಇದರದೇ. ಜಿ.ಎಲ್.-4ಕ್ಕೂ ಜಿ.ಎಲ್.-5ಕ್ಕೂ ಇರುವ ಮುಖ್ಯ ಅಂತರ ಈ ಮದ್ದಿನ ಪ್ರಮಾಣದಲ್ಲಿದೆ. ಐದರಲ್ಲಿ ನಾಲ್ಕಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ.

ಹಾಗಾದರೆ ಎಲ್ಲ ಕಡೆಗೂ ಐದನ್ನೇ ಹಾಕಿಬಿಟ್ಟರಾಯಿತಲ್ಲ ಎಂದು ಆಡಳಿತ ಮಂಡಳಿಯ ಒಬ್ಬ ಹಿರಿಯರು ಕೇಳಿದರು. ಆಗದು. ಗೇರ್‌ಬಾಕ್ಸಿನೊಳಗೆ ಗೇರು ಹೊಂದಿಸುವ ಉಂಗುರಗಳು ಬಹಳ ಗಾಡಿಗಳಲ್ಲಿ ಹಿತ್ತಾಳೆಯವು. ಗಂಧಕ ತಾಗಿದ ಹಿತ್ತಾಳೆ ಪಾತ್ರೆ ಕಪ್ಪಾಗುವುದನ್ನು ನಾವು ನೋಡಿದ್ದೇವೆ. ಮದ್ದು ಹೆಚ್ಚಿದ ಎಣ್ಣೆ ಆ ಉಂಗುರಗಳನ್ನೂ ಕ್ರಮೇಣ ತಿನ್ನುತ್ತದೆ, ಗೇರು ಬೀಳುವಾಗ ಕರಕರ ಎನ್ನತೊಡಗುತ್ತದೆ. ಆದ್ದರಿಂದ ಗೇರ್‌ಬಾಕ್ಸಿಗೆ ಕೈಪಿಡಿ ಜಿ.ಎಲ್.-4 ಎಂದರೆ ನಾಲ್ಕೇ, ಹೌಸಿಂಗಿಗೆ ಐದು ಎಂದರೆ ಐದೇ. ಎರಡಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಲಾಳಿಕೆ. ಸಂಘದ ಗೋದಾಮಿನಲ್ಲಿ ಈಗ ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು ಬಣ್ಣ ಬಳಿದಿಟ್ಟಿದ್ದೇವೆ.

ಅಂಗಡಿಯಲ್ಲಿ "90 ನಂಬರ್ ಕೊಡಿ" ಎಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟಾರು. ತಪ್ಪು ಅವರದ್ದಲ್ಲ. 90 ಎಂಬುದು ಎಣ್ಣೆಯ ದಪ್ಪವನ್ನು ಹೇಳುವ ಅಂಕಿ, ಅದರ ಗುಣವನ್ನಲ್ಲ. ಸರ್ವೋ, ಎಚ್.ಪಿ., ಮ್ಯಾಕ್, ಕ್ಯಾಸ್ಟ್ರಾಲ್, ಯಾವುದೇ ಹೆಸರಿನದಾಗಲಿ, ಒಂದೇ ಕಂಪನಿಯವರು ಒಂದೇ ದಪ್ಪದಲ್ಲಿ ನಾಲ್ಕನ್ನೂ ಐದನ್ನೂ ಮಾರುತ್ತಾರೆ. ಡಬ್ಬಿಯನ್ನು ತಿರುಗಿಸಿ ಬೆನ್ನಿನ ಸಣ್ಣ ಅಕ್ಷರ ಓದಬೇಕು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದರೆ ಅಂಗಡಿಯ ಹುಡುಗನಿಂದ ಓದಿಸಬೇಕು. ಮುಚ್ಚಳದ ಸೀಲು ನೋಡಿ, ಬಿಲ್ಲು ಪಡೆದೇ ತನ್ನಿ. ಖಾಲಿ ಡಬ್ಬಿಗೆ ತೂತು ಹೊಡೆದು ಗುಜರಿಗೆ ಕೊಡುವುದೂ ಒಳ್ಳೆಯದು, ಇಲ್ಲವಾದರೆ ನಿಮ್ಮದೇ ಡಬ್ಬಿ ಯಾವುದೋ ಎಣ್ಣೆ ತುಂಬಿಕೊಂಡು ಮರಳಿ ಬರಬಹುದು.

ದಪ್ಪದ ಅಂಕಿಗಳ ಬಗ್ಗೆ ಒಂದೆರಡು ಮಾತು. ಗೇರ್ ಎಣ್ಣೆಯ 90 ಎಂದರೆ ಇಂಜಿನ್ ಎಣ್ಣೆಯ 40ರ ಎರಡು ಪಟ್ಟಿಗಿಂತ ದಪ್ಪ ಎಂದು ತಿಳಿಯಬಾರದು. ಎರಡರ ಅಳತೆಗೋಲೇ ಬೇರೆ. ಗೇರಿನ 90, ಇಂಜಿನ್ನಿನ 40-50ರಷ್ಟೇ ದಪ್ಪ. 80ಡಬ್ಲ್ಯು-90 ಎಂದು ಬರೆದಿದ್ದರೆ ಮೊದಲಿನ ಅಂಕಿ ಚಳಿಗೆ, ಎರಡನೆಯದು ಬಿಸಿಗೆ. 80ಡಬ್ಲ್ಯುವನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 85ಡಬ್ಲ್ಯುವನ್ನು ಸೊನ್ನೆಗಿಂತ 12 ಡಿಗ್ರಿ ಕೆಳಗೆ. ನಮ್ಮಲ್ಲಿ ಮಾಗಿಯ ಚಳಿ ಎಷ್ಟೇ ಬಿದ್ದರೂ ಅಂಗಳದ ನೀರು ಹೆಪ್ಪುಗಟ್ಟಿದ್ದಿಲ್ಲ. ನಮಗೆ ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿ. 100 ಡಿಗ್ರಿ ಶಾಖದಲ್ಲಿ 90ರ ದಪ್ಪ 13.5 ಸೆಂಟಿಸ್ಟೋಕ್ಸಿನಿಂದ ಆರಂಭವಾದರೆ 140ರದು 24ರಿಂದ.

ಇಲ್ಲಿಯೇ ಹಳೆಯ ಗಾಡಿಯವರ ಪ್ರಶ್ನೆ ಬರುವುದು. ಎರಡು ಲಕ್ಷ ಕಿಲೋಮೀಟರು ಓಡಿದ ಗಾಡಿಗೆ 90 ಬಿಟ್ಟು 140 ಹಾಕಬಹುದೇ? ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ ಇದು. ನಮ್ಮ ಅಭಿಪ್ರಾಯ ಹೀಗಿದೆ. ಕೈಪಿಡಿಯಲ್ಲಿ ಭಾರದ ಕೆಲಸಕ್ಕೆ ಅಥವಾ ಬಿಸಿ ಸೀಮೆಗೆ 85ಡಬ್ಲ್ಯು-140 ಆಗಬಹುದು ಎಂದಿದ್ದರೆ, ಗಾಡಿ ಹೆಚ್ಚಾಗಿ ಹೊರೆ ಹೊತ್ತು ಘಟ್ಟದಲ್ಲೇ ಓಡುವುದಾದರೆ, ಹಾಕಿ. ಸವೆದ ಹಲ್ಲುಗಳ ನಡುವೆ ದಪ್ಪ ಎಣ್ಣೆ ಸ್ವಲ್ಪ ಮೆತ್ತೆಯಾಗುತ್ತದೆ, ಹಳೆಯ ಸೀಲಿನಲ್ಲಿ ಜಿನುಗುವುದೂ ತಗ್ಗುತ್ತದೆ. ಆದರೆ ದಪ್ಪ ಎಣ್ಣೆಯನ್ನು ಕಡೆಯಲು ಇಂಜಿನ್ ಹೆಚ್ಚು ದುಡಿಯಬೇಕು, ಡೀಸೆಲ್ ಸ್ವಲ್ಪ ಹೆಚ್ಚು ಬೇಕು, ಬೆಳಗಿನ ಹೊತ್ತು ಬೇರಿಂಗಿನ ಸಂದಿಗೆ ಎಣ್ಣೆ ತಡವಾಗಿ ತಲುಪುತ್ತದೆ. ಮುಖ್ಯವಾಗಿ, ಕೂಗುವ ಹೌಸಿಂಗಿಗೆ 140 ಹಾಕಿ ಸದ್ದು ನಿಂತಿತೆಂದು ಸಮಾಧಾನಪಡುವುದು ಹಲ್ಲುನೋವಿಗೆ ಲವಂಗ ಇಟ್ಟಂತೆ. ನಮ್ಮ ಚಾಲಕನೂ ಮಾರ್ಚಿಯಲ್ಲಿ ಅದನ್ನೇ ಮಾಡಲು ಹೇಳಿದ್ದ. ನಾವು ಅದಕ್ಕೂ ಒಪ್ಪದೆ ಏನೂ ಮಾಡದೆ ಉಳಿದೆವು, ಅದು ಇನ್ನೂ ದೊಡ್ಡ ತಪ್ಪು.

ಗಾಡಿ ಮಾರುವವರು ಸದ್ದಡಗಿಸಲು ಹೌಸಿಂಗಿಗೆ ಮರದ ಹುಡಿ ತುಂಬುತ್ತಿದ್ದರು, ಬಾಳೆಹಣ್ಣಿನ ಸಿಪ್ಪೆ ತುರುಕುತ್ತಿದ್ದರು ಎಂಬ ಕಥೆಗಳನ್ನು ಹಳೆಯ ಮೇಸ್ತ್ರಿಗಳು ಇಂದಿಗೂ ಹೇಳುತ್ತಾರೆ. ಸಿಪ್ಪೆಯನ್ನು ನಾವು ಕಂಡಿಲ್ಲ. ಗ್ರೀಸು ತುಂಬಿದ್ದನ್ನು ಕಂಡಿದ್ದೇವೆ. ಹಳೆಯ ಪಿಕಪ್ ಕೊಳ್ಳುವವರು ಮೇಲಿನ ಬಿರಡೆ ತೆಗೆಸಿ ಬೆರಳು ಹಾಕಿ ನೋಡುವುದಕ್ಕೆ ಸಂಕೋಚಪಡಬಾರದು.

ಇನ್ನು 75ಡಬ್ಲ್ಯು-90 ಎಂಬ ಸಿಂಥೆಟಿಕ್ ಎಣ್ಣೆಗಳಿವೆ. ಒಳ್ಳೆಯವೇ, ಬೆಲೆ ಹೆಚ್ಚು. ಸೀಲು ಸವೆದ ಹಳೆಯ ಗಾಡಿಗೆ ಅಷ್ಟು ಹಣ ಹಾಕುವ ಬದಲು ಸಾಮಾನ್ಯ ಜಿ.ಎಲ್.-5 ಎಣ್ಣೆಯನ್ನೇ ಸರಿಯಾದ ಕಾಲಕ್ಕೆ ಬದಲಿಸಿದರೆ ಸಾಕು. ಹಿಂದಿನ ಅಚ್ಚಿನಲ್ಲಿ ಲಾಕ್ ಆಗುವ ಡಿಫರೆನ್ಷಿಯಲ್ ಇರುವ ಕೆಲವು ಗಾಡಿಗಳಿವೆ. ಅವುಗಳಿಗೆ ಕೈಪಿಡಿ ಬಿಟ್ಟು ಬೇರೆ ಯಾರ ಮಾತೂ ಬೇಡ, ನಮ್ಮದೂ ಬೇಡ.

ಬದಲಿಸುವ ಕ್ರಮ ಕಷ್ಟದ್ದಲ್ಲ. ಮನೆಯ ಅಂಗಳದಲ್ಲಿ ಆಗುವ ಕೆಲಸ. ಗಾಡಿಯನ್ನು ಹತ್ತು ಕಿಲೋಮೀಟರು ಓಡಿಸಿ ತನ್ನಿ. ಬಿಸಿ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಸಪಾಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಒಂದು ಬದಿ ಜಾಕ್ ಎತ್ತಿ ಮಾಡಬಾರದು, ಎಣ್ಣೆಯ ಮಟ್ಟ ತಪ್ಪುತ್ತದೆ, ಗಾಡಿಯ ಅಡಿಗೆ ಮಲಗುವವನಿಗೆ ಅಪಾಯ ಬೇರೆ. ಬಿರಡೆಗಳ ಸುತ್ತ ಮೆತ್ತಿದ ಕೆಮ್ಮಣ್ಣನ್ನು ಕೆರೆದು ಒರೆಸಿ.

ಮೊದಲು ತೆಗೆಯಬೇಕಾದ್ದು ಮೇಲಿನ ಬಿರಡೆಯನ್ನು, ಅಂದರೆ ಎಣ್ಣೆ ತುಂಬುವ ಕಡೆಯದನ್ನು. ಇದನ್ನು ಎಷ್ಟು ಸಾರಿ ಹೇಳಿದರೂ ಸಾಲದು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಹರಿಸಿ, ಆ ಮೇಲೆ ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬಿಚ್ಚದೆ, ಬರಿದಾದ ಹೌಸಿಂಗಿನ ಗಾಡಿಯನ್ನು ಅಂಗಳದಲ್ಲಿಟ್ಟುಕೊಂಡು ಕುಳಿತ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ. ಹೆಸರು ಬೇಡ, ಅವರು ಈ ಪತ್ರಿಕೆಯನ್ನು ತಪ್ಪದೆ ಓದುತ್ತಾರೆ. ಮೇಲಿನದು ಸಡಿಲಾದ ಮೇಲೆ ಕೆಳಗಿನದನ್ನು ತೆಗೆದು ಹಳೆಯ ಬೋಗುಣಿಯೊಂದನ್ನಿಡಿ. ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಕವಳ ಹಾಕಿ ಮುಗಿಯುತ್ತದೆ. ಕೆಲವು ಅಚ್ಚುಗಳಿಗೆ ಕೆಳಗಿನ ಬಿರಡೆಯೇ ಇರುವುದಿಲ್ಲ. ಅಂಥದ್ದಕ್ಕೆ ಪಂಪಿನಿಂದ ಹೀರಿ ತೆಗೆಯಬೇಕು ಇಲ್ಲವೇ ಹಿಂದಿನ ಮುಚ್ಚಳ ಬಿಚ್ಚಬೇಕು. ಅದನ್ನು ಗ್ಯಾರೇಜಿಗೆ ಬಿಡುವುದು ಒಳಿತು.

ಇಳಿದ ಎಣ್ಣೆಯನ್ನು ನೋಡುವುದು ಬದಲಿಸುವಷ್ಟೇ ಮುಖ್ಯ. ಬಹಳ ಗಾಡಿಗಳ ಕೆಳಗಿನ ಬಿರಡೆಯ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ, ವಿಭೂತಿ ಕಲಸಿದಂಥ ನುಣ್ಣನೆಯ ಕೆಸರು ಇದ್ದರೆ ಭಯವಿಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ಎಳೆ, ಹೊಳೆಯುವ ಚಕ್ಕೆ ಕಂಡರೆ ಒಳಗೆ ಏನೋ ಒಡೆಯುತ್ತಿದೆ. ಹೊಸ ಎಣ್ಣೆ ಹಾಕಿ ಮುಚ್ಚುವ ಮೊದಲು ಮೇಸ್ತ್ರಿಯನ್ನು ಕರೆಸಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಟ್ಟ ಕಡಿಮೆಯಾಗಿಯೋ ಹೊರೆ ಮೀರಿಯೋ ಕಾದಿದೆ. ಹಾಲು ಕಾಫಿಯ ಬಣ್ಣವಾದರೆ ನೀರು ಸೇರಿದೆ.

ನೀರು ಸೇರಿದ್ದರೆ ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುವ ರೂಢಿ ಕೆಲವರಲ್ಲಿದೆ. ಮಾಡಬೇಡಿ. ಮೂಲೆಗಳಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಅದೇ ದರ್ಜೆಯ ಅಗ್ಗದ ಎಣ್ಣೆಯನ್ನು ಒಮ್ಮೆ ಹಾಕಿ, ಹೊರೆಯಿಲ್ಲದೆ ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿಸಿ, ಬಿಸಿಯಲ್ಲೇ ಇಳಿಸಿ, ಆ ಮೇಲೆ ಒಳ್ಳೆಯದನ್ನು ತುಂಬಿ.

ಕೆಳಗಿನ ಬಿರಡೆಯನ್ನು ಒರೆಸಿ, ಹೊಸ ವಾಷರ್ ಹಾಕಿ ಬಿಗಿಮಾಡಿ. ಗದೆ ಬೀಸುವಂತೆ ಬಿಗಿಯಬೇಕಿಲ್ಲ, ಮರೆ ಹೋದರೆ ದೊಡ್ಡ ಕೆಲಸ. ತುಂಬುವ ತೂತು ಪಕ್ಕದಲ್ಲಿರುವುದರಿಂದ ನೇರವಾಗಿ ಸುರಿಯಲಾಗದು. ಲಾಳಿಕೆಗೆ ಮೂರು ಅಡಿ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಮೇಲಿನಿಂದ ಹೊಯ್ಯಿರಿ. ಮದ್ದು ಹೊಡೆಯುವ ಹಳೆಯ ಕೈಪಂಪನ್ನು ಇದಕ್ಕೆ ಬಳಸುವವರಿದ್ದಾರೆ. ಮೈಲುತುತ್ತದ ಅಂಶ ಎಣ್ಣೆಗೆ ಬೆರೆಯುವುದರಿಂದ ಅದು ಬೇಡ. ಎಣ್ಣೆ ತೂತಿನ ಅಂಚಿಗೆ ಬಂದು ತೊಟ್ಟಿಕ್ಕತೊಡಗಿದರೆ ನಿಲ್ಲಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಬಿರಡೆ ಹಾಕಿ. ಹೆಚ್ಚು ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹೆಚ್ಚಾದದ್ದು ಕಾದು ನೊರೆಯೆದ್ದು, ಅಚ್ಚಿನ ಎರಡೂ ತುದಿಯ ಸೀಲು ದಾಟಿ, ಬ್ರೇಕಿನೊಳಗೆ ಹೋಗುತ್ತದೆ.

ಸೀಲಿನ ವಿಷಯ ಬಂತು, ದೇವಿಮನೆಯಲ್ಲಿ ಗಾಡಿ ನಿಲ್ಲದಿದ್ದ ಕಾರಣವನ್ನೂ ಹೇಳಿಬಿಡಬೇಕು. ಪಿನಿಯನ್ ಮುರಿದ ಮೇಲೆ ಚಕ್ರಕ್ಕೂ ಇಂಜಿನ್ನಿಗೂ ನಂಟು ಹರಿಯಿತು, ಗೇರಿನಲ್ಲಿ ಹಿಡಿದು ನಿಲ್ಲಿಸುವುದು ಸಾಧ್ಯವಿಲ್ಲ. ಕೈಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ಮುಗಳನ್ನು, ಅವು ಎಣ್ಣೆಯಲ್ಲಿ ನೆಂದಿದ್ದವು. ಉಳಿದದ್ದು ಮುಂದಿನ ಬ್ರೇಕು. ಏರಿನಲ್ಲಿ ಹೊರೆಯೆಲ್ಲ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳಿಗೆ ನೆಲದ ಹಿಡಿತ ಸಾಲಲಿಲ್ಲ. ಎಣ್ಣೆ ಡ್ರಮ್ಮಿಗೆ ಬಂದದ್ದೇಕೆ? ಹೌಸಿಂಗಿನ ನೆತ್ತಿಯ ಮೇಲೆ ಹೆಬ್ಬೆರಳ ಉಗುರಿನಷ್ಟು ದೊಡ್ಡದೊಂದು ಟೊಪ್ಪಿ ಇರುತ್ತದೆ, ಉಸಿರಾಟದ ತೂತು. ಬ್ರೀದರ್ ಎನ್ನುತ್ತಾರೆ. ಅದು ಕೆಸರು ಮೆತ್ತಿ ಕಟ್ಟಿಹೋಗಿತ್ತು. ಎಣ್ಣೆ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಲು ದಾರಿಯಿಲ್ಲದೆ ಸೀಲುಗಳ ಮೂಲಕ ಎಣ್ಣೆಯನ್ನು ನೂಕಿತು.

ನೀರು ಒಳಬಂದದ್ದೂ ಅದೇ ದೋಷದಿಂದ. ಕಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಸವೆದ ಸೀಲುಗಳಿಂದ ನೀರನ್ನು ಹೀರುತ್ತದೆ. ತೆರೆದಿದ್ದು ನೀರಿನಲ್ಲಿ ಮುಳುಗಿದರೆ ಬ್ರೀದರಿನಿಂದಲೇ ಹೀರುತ್ತದೆ. ಆದ್ದರಿಂದ ಆಳದ ಹಳ್ಳ ದಾಟುವ ಮೊದಲು ಹತ್ತು ನಿಮಿಷ ನಿಂತು ಅಚ್ಚು ಆರಲು ಬಿಡಬೇಕು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ರಸ್ತೆ, ತೋಟ ಹೋದದ್ದು ನೆನಪಿರಬಹುದು. ಅಂಥ ವರ್ಷಗಳಲ್ಲಿ ಸುತ್ತುದಾರಿ ಹಿಡಿದು ನೀರಿಗಿಳಿಯದೆ ಗತಿಯಿರುವುದಿಲ್ಲ. ಅಚ್ಚು ಮುಳುಗುವಷ್ಟು ನೀರಿನಲ್ಲಿ ಗಾಡಿ ಇಳಿದಿದ್ದರೆ ಕಿಲೋಮೀಟರಿನ ಲೆಕ್ಕ ಬಿಟ್ಟು ಆ ವಾರವೇ ಮೇಲಿನ ಬಿರಡೆ ತೆಗೆದು ನೋಡಬೇಕು. ಬ್ರೀದರಿನ ಟೊಪ್ಪಿಯನ್ನು ಬೆರಳಿನಿಂದ ತಿರುಗಿಸಿ ಸಡಿಲವಾಗಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ನಾವೀಗ ಅದರ ಜಾಗಕ್ಕೆ ರಬ್ಬರ್ ಪೈಪು ಕೂಡಿಸಿ ಚಾಸಿಯ ಮೇಲ್ಮಟ್ಟಕ್ಕೆ ಒಯ್ದಿದ್ದೇವೆ. ಪೈಪಿನ ಬಾಯಿಗೆ ಜಾಳಿಗೆ ಕಟ್ಟಬೇಕಾಯಿತು. ಮೊದಲ ಬೇಸಿಗೆಯಲ್ಲೇ ಕುಂಬಾರ ಹುಳ ಅದರಲ್ಲಿ ಮಣ್ಣಿನ ಮನೆ ಕಟ್ಟಿತ್ತು. ಸರ್ವೀಸ್ ಸ್ಟೇಶನ್ನಿನಲ್ಲಿ ಜೋರು ನೀರಿನ ಪೈಪನ್ನು ಬ್ರೀದರಿಗೂ ಸೀಲಿಗೂ ನೇರ ಹಿಡಿಯದಂತೆ ಹುಡುಗರಿಗೆ ಹೇಳಿ.

ಕೂಗಿನಲ್ಲೂ ಬಗೆಗಳಿವೆ. ಎಕ್ಸಲೇಟರ್ ಒತ್ತಿದಾಗ ಏರಿ, ಬಿಟ್ಟಾಗ ಬದಲಾಗುವ ಕೂಗು ಕ್ರೌನ್ ಪಿನಿಯನ್ನಿನದು. ಒತ್ತಿದರೂ ಬಿಟ್ಟರೂ ಒಂದೇ ತೆರನಾಗಿದ್ದು ವೇಗದೊಡನೆ ಮಾತ್ರ ಏರುವ ಗುಡುಗುಡು ಬೇರಿಂಗಿನದು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗೂಡಿನ ಸಣ್ಣ ಗಾಲಿ. ಗಾಡಿ ಎತ್ತುವಾಗ 'ಠಣ್' ಎಂದರೆ ಬಹುಶಃ ಶಾಫ್ಟಿನ ಜಾಯಿಂಟು. ಡಾಂಬರಿನಲ್ಲಿ ಕೇಳಿ ಮಣ್ಣು ರಸ್ತೆಯಲ್ಲಿ ಮಾಯವಾದರೆ ಟಯರು. ಕ್ರೌನ್ ಅಥವಾ ಪಿನಿಯನ್ ಒಂದು ಹೋದರೂ ಜೋಡಿಯಾಗಿಯೇ ಬದಲಿಸಬೇಕು, ಅವೆರಡನ್ನೂ ಕೂಡಿಸಿ ಅರೆದು ಹೊಂದಿಸಿರುತ್ತಾರೆ. ಒಂದನ್ನೇ ಹಾಕಿ ಹಣ ಉಳಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಕೈಪಿಡಿಯಲ್ಲಿ ಒಂದು ಲೆಕ್ಕ ಇರುತ್ತದೆ. ಹೊರೆ, ಘಟ್ಟ, ಕೆಸರು ಇರುವಲ್ಲಿ ಅದಕ್ಕಿಂತ ಬೇಗ ಎಂದೂ ಅದೇ ಕೈಪಿಡಿಗಳು ಹೇಳುತ್ತವೆ. ಸಂಘದ ಗಾಡಿಗೆ ನಾವು ಈಗ ಇಟ್ಟುಕೊಂಡ ನೇಮ, ವರ್ಷಕ್ಕೊಮ್ಮೆ, ಆಯುಧ ಪೂಜೆಯ ಮುಂಚಿನ ವಾರ. ಮಳೆಗಾಲದ ನೀರು ಸೇರಿದ್ದರೆ ಆಗ ಗೊತ್ತಾಗುತ್ತದೆ, ಕೊನೆಗೌಡ ಮರ ಹತ್ತುವ ಮೊದಲು ಗಾಡಿ ತಯಾರಿರುತ್ತದೆ. ದಿನಾಂಕ, ಮೀಟರಿನ ಅಂಕಿ, ಎಣ್ಣೆಯ ದರ್ಜೆ, ಮೂರನ್ನೂ ಬಾಗಿಲಿನ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದೇವೆ.

ಇಳಿಸಿದ ಹಳೆಯ ಎಣ್ಣೆಯನ್ನು ಏನು ಮಾಡುವುದೆಂದು ಹಲವರು ಕೇಳುತ್ತಾರೆ. ಬೇಲಿ ಗೂಟಕ್ಕೂ ಏಣಿಗೂ ಒರಲೆ ಹಿಡಿಯದಂತೆ ಬಳಿಯುವ ರೂಢಿ ಹಿಂದಿನಿಂದ ಇದೆ. ಮಳೆಗೆ ತೊಳೆದು ಅದು ಕೊನೆಗೆ ಹೋಗುವುದು ತೋಟದ ಬಸಿಗಾಲುವೆಗೆ, ಅಲ್ಲಿಂದ ಕೆಳಗಿನ ಮನೆಯವರ ಕೆರೆಗೆ. ಬಳಸಿದ ಎಣ್ಣೆಯನ್ನು ಸರಕಾರದ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಸದಸ್ಯರು ಮುಚ್ಚಳ ಭದ್ರವಿರುವ ಡಬ್ಬಿಯಲ್ಲಿ ತಂದುಕೊಟ್ಟರೆ ಗೋದಾಮಿನ ಹಿಂದೆ ಇಟ್ಟಿರುವ ಪೀಪಾಯಿಗೆ ಹಾಕಿಕೊಳ್ಳುತ್ತೇವೆ; ತುಂಬಿದಾಗ ಪರವಾನಗಿ ಇರುವವರು ಒಯ್ಯುತ್ತಾರೆ. ನೀರು ಬೆರೆತದ್ದಿದ್ದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಡಬ್ಬಿ ಇದೆ. ಪೀಪಾಯಿಯ ಬೀಗದ ಕೈ ಚಾಲಕನ ಬಳಿ ಇರುತ್ತದೆ. ಅಂಗೈಯ ಕಲೆ ಇನ್ನೂ ಹೋಗಿಲ್ಲ, ಆದರೆ ಎಣ್ಣೆಯ ಬಣ್ಣವನ್ನು ಅವನಷ್ಟು ಬೇಗ ಗುರುತಿಸುವವರು ಈಗ ಸಂಘದಲ್ಲಿ ಬೇರೆ ಯಾರೂ ಇಲ್ಲ.